ಸೊಡರಯ್ಯನನ್ನು ಕೊಂದ ದ್ರಾಕ್ಷಾಯಿಣಿ

ಗೋಪನಕೊಪ್ಪದ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವ ದ್ರಾಕ್ಷಾಯಿಣಿ ದೇವರ ವಿರೋಧಿಯೇನಲ್ಲ. ಸೋಮವಾರ ಒಪ್ಪತ್ತು ಮಾಡುತ್ತಾಳೆ, ಗುಡಿ ಕಂಡರೆ ಸ್ಕೂಟಿಯ ಮೇಲಿಂದಲೇ ಕೈ ಮುಗಿಯುತ್ತಾಳೆ. ಆದರೂ ಒಬ್ಬ ದೇವರನ್ನು ಅವಳು ಕೊಂದಳು. ಅದೂ ರವಿವಾರ ಮಧ್ಯಾಹ್ನ, ಗಿರಮಿಟ್ಟು ತಿನ್ನುತ್ತಾ, ಗೆಳೆಯರ ಕಣ್ಣೆದುರಿಗೇ. ಅದಕ್ಕಾಗಿ ಅವಳಿಗೆ ಈವರೆಗೂ ಎಳ್ಳಷ್ಟು ಪಶ್ಚಾತ್ತಾಪವಿಲ್ಲ. ಯಾಕಾದರೂ ಇರಬೇಕು?

ಆ ದೇವರು ಇದ್ದದ್ದು ಆಟದೊಳಗೆ. ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ ಅದು. ಒಬ್ಬನು ಊರು, ಕಾಡು, ರಾಕ್ಷಸ, ದೇವರು ಎಲ್ಲವನ್ನೂ ಕಟ್ಟಿ ಹೇಳುತ್ತಾ ಹೋಗುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಲೋಕಕ್ಕೆ ಹೊಕ್ಕು ತಮಗೆ ತೋಚಿದ್ದನ್ನು ಮಾಡುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಥೆ ಕಟ್ಟುವವನನ್ನು ಇವರು ಮಾಸ್ತರ ಎಂದು ಕರೆಯುತ್ತಿದ್ದರು. ಧಾರವಾಡದ ಕಾಲೇಜಿನ ದಿನಗಳಿಂದ ಬಂದ ಚಟ. ಈಗ ಮಾನಸಿಯ ಮನೆಯ ಮಾಳಿಗೆ ಕೋಣೆಯಲ್ಲಿ ನಡೆಯುತ್ತಿತ್ತು. ಮಾನಸಿ ಮಂತ್ರಗಾತಿ, ಜುಲ್ಫಿಕಾರ ಜಟ್ಟಿ, ದ್ರಾಕ್ಷಾಯಿಣಿ ಕಳ್ಳಿ. ಮಾಸ್ತರನ ಕುರ್ಚಿಯಲ್ಲಿ ಸಿದ್ಧಾರೂಢ, ಅವಳ ಸೋದರತ್ತೆ ಸಾವಕ್ಕನ ಮಗ.

ಈ ಸಿದ್ಧಾರೂಢನಿಗೇ ಅವಳನ್ನು ಕೊಡುವುದೆಂದು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅವಳಿಗೂ ಮನಸ್ಸಿತ್ತು, ಅದನ್ನು ಮುಚ್ಚಿಡುವುದೇನು? ಆದರೆ ಲಗ್ನ ಗೊತ್ತು ಮಾಡುವ ಮುಂಚೆ ಮನೆದೇವರಿಗೆ ಹೂ ಕೇಳುವುದು ಅವರ ಪದ್ಧತಿ. ಪೂಜಾರಿ ದೇವರ ಮೈಮೇಲೆ ಹೂ ಏರಿಸುತ್ತಾನೆ, ಅದು ಬೀಳುವತನಕ ಕಾಯಬೇಕು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಹಿರಿಯರು ಹೋಗಿ ಕೇಳಬೇಕಾದದ್ದು. ಹೆಬ್ಬಳ್ಳಿಯಲ್ಲಿದ್ದ ಅವಳ ಅಪ್ಪ ಮೈಲಾರಪ್ಪನಿಗೆ ಆಗ ಮೊಣಕಾಲು ನೋವು, ದೇವರ ಗುಡಿಯೋ ದೂರದ ಗುಡ್ಡದ ಮೇಲೆ. "ನೀವ್ಯಾಕ ತ್ರಾಸ ತಗೋತೀರಿ ಮಾಮಾ, ನಾನ ಹೋಗಿ ಕೇಳ್ಕೊಂಡ ಬರ್ತೇನಿ" ಎಂದು ಸಿದ್ಧಾರೂಢ ಶಿವರಾತ್ರಿಯ ದಿನ ಬೈಕ್ ಹತ್ತಿ ಹೋದ. ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದು "ಎಡಕ್ಕ ಬಿತ್ತು" ಎಂದ.

ದೇವರೇ ಬೇಡ ಎಂದ ಮೇಲೆ ಮನುಷ್ಯರದೇನು ನಡೆಯುತ್ತದೆ? ಅವನು ವರ್ಷ ತುಂಬುವುದರೊಳಗೆ ಗರಗದ ಕಡೆಯ ಹುಡುಗಿಯನ್ನು ಲಗ್ನವಾದ. ಆ ಸಲ ಹೂವಿನ ಗೊಡವೆಗೇ ಹೋಗಲಿಲ್ಲ. ಹಣೆಪಟ್ಟಿ ಅಂಟಿದ್ದು ಇವಳಿಗೆ. ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, "ದೇವರು ಎಡಕ್ಕ ಕೊಟ್ಟಿದ್ದನಂತಲ್ರಿ?" ಎಂದು ಕೇಳಿ ಎದ್ದು ಹೋಗುತ್ತಿದ್ದರು. ಹೋಗಲಿ, ಹೊರಗಿನವರು. ಆದರೆ ಸ್ವಂತ ಅಪ್ಪನೇ ಒಂದು ದಿನ, "ನೀ ಏನರ ತಪ್ಪ ಮಾಡೀಯೇನವಾ? ಸುಮ್ ಸುಮ್ನ ದೇವರು ಬ್ಯಾಡ ಅನ್ನಂಗಿಲ್ಲ" ಎಂದು ಕೇಳಿಬಿಟ್ಟ. ಅವಳು ಆಟ ಬಿಟ್ಟಳು, ಹೆಬ್ಬಳ್ಳಿಗೆ ಹೋಗುವುದನ್ನೂ ಕಡಿಮೆ ಮಾಡಿದಳು.

ಹೀಗೆ ವರ್ಷಗಳು ಕಳೆದ ಮೇಲೆ ಒಂದು ಮುಂಜಾನೆ ಸಕ್ಕರೆ ಕಾಯಿಲೆ ತಪಾಸಣೆಗೆ ಲ್ಯಾಬಿಗೆ ಒಬ್ಬ ಹೆಂಗಸು ಬಂದಳು. ಸೂಜಿಗೆ ಹೆದರಿದವರನ್ನು ಮಾತಿಗೆ ಎಳೆಯುವುದು ದ್ರಾಕ್ಷಾಯಿಣಿಯ ರೂಢಿ. ಊರು ಯಾವುದು ಎಂದು ಕೇಳಿದರೆ ಆಕೆ ಅದೇ ಗುಡ್ಡದ ಪೂಜಾರಿಯ ಹೆಂಡತಿ! ಮಾತಿಗೆ ಮಾತು ಬಂದು ಆಕೆ ಹೇಳಿದಳು: "ನಮ್ಮ ಮಾವ ತೀರಿದ ವರ್ಷ ಶಿವರಾತ್ರಿಗೆ ಗುಡಿ ಬಾಗಲಾನ ತೆಗೀಲಿಲ್ಲವಾ. ಸೂತಕ. ಪೂಜಾರಕಿ ಮಾಡೂದು ನಮ್ಮದೊಂದ ಮನಿ. ಬಂದ ಮಂದಿ ಎಲ್ಲಾ ಹೊಸ್ತಲಕ್ಕ ಕಾಯಿ ಒಡದು ಹೋದ್ರು." ಯಾವ ವರ್ಷ ಎಂದು ದ್ರಾಕ್ಷಾಯಿಣಿ ಎರಡು ಸಲ ಕೇಳಿದಳು. ಅದೇ ವರ್ಷ.

ಅಂದರೆ ಹೂ ಎಡಕ್ಕೂ ಬಿದ್ದಿರಲಿಲ್ಲ, ಬಲಕ್ಕೂ ಬಿದ್ದಿರಲಿಲ್ಲ. ಬೇಡ ಎಂದವನು ದೇವರಲ್ಲ, ಭಾಡ್ಯಾ ಸಿದ್ಧಾರೂಢ. ಪಟ್ಟಣದಲ್ಲಿ ಬೆಳೆದ ಮಗ, ಪೂಜಾರಿ ಮನೆಗೂ ಸಾವು ಬರುತ್ತದೆ ಎಂಬುದು ಅವನ ತಲೆಗೆ ಹೊಳೆದಿರಲಿಕ್ಕಿಲ್ಲ. ಗುಡ್ಡದ ದಾರಿಯನ್ನಾದರೂ ಹಿಡಿದಿದ್ದನೋ ಇಲ್ಲವೋ. ಬೇಡವಾಗಿದ್ದರೆ ಬೇಡ ಎನ್ನಬಹುದಿತ್ತು. ಅವಳು ಅತ್ತು ಸುಮ್ಮನಾಗುತ್ತಿದ್ದಳು. ಈಗ ತಾನು ಹೋಗಿ ಹೇಳಿದರೆ ಯಾರೂ ನಂಬುವುದಿಲ್ಲ, ಲಗ್ನ ತಪ್ಪಿದ ಹೊಟ್ಟೆಕಿಚ್ಚು ಎನ್ನುತ್ತಾರೆ. ಅವನ ಬಾಯಿಂದಲೇ ಬರಬೇಕು. ನಾಲ್ಕು ಮಂದಿಯ ಎದುರಿಗೆ ಬರಬೇಕು. ಹಾಗಂತ ಹಲ್ಲು ಕಚ್ಚಿ ಅವಳು ಮತ್ತೆ ಆಟಕ್ಕೆ ಬಂದಳು. ಎಲ್ಲ ಮರೆತಿದ್ದಾಳೆ ಎಂದುಕೊಂಡು ಗೆಳೆಯರು ಖುಷಿಪಟ್ಟರು.

ಅವಳು ಬಂದಾಗ ಆಟದೊಳಗಿನ ಕೋಟೆಯೂರನ್ನು ಸೊಡರಯ್ಯ ಎಂಬ ದೀಪದ ದೇವರು ಆಳುತ್ತಿದ್ದ. ಸೊಕ್ಕು ನೋಡಿ ಸಿದ್ಧಾರೂಢನದು: ಈ ಸೊಡರಯ್ಯ ಕೂಡ ಹೂವಿನ ಮೂಲಕವೇ ಮಾತಾಡುತ್ತಿದ್ದ. ಕೋಟೆಯ ಬಾಗಿಲು ತೆರೆಯಲೇ? ಎಡಕ್ಕೆ. ಸೆರೆಯವರನ್ನು ಬಿಡಿಸಲೇ? ಎಡಕ್ಕೆ. ಮಾಸ್ತರನಿಗೆ ಬೇಡವಾದದ್ದೆಲ್ಲ ದೇವರಿಗೂ ಬೇಡ. ಹಳೇ ಚಾಳಿ. "ಊರಾಗ ಒಂದ ದೀಪ ಉರಿಯೂತನಕ ಸೊಡರಯ್ಯಗ ಸಾವಿಲ್ಲ" ಎಂಬ ನಿಯಮವನ್ನು ಅವನೇ ಮಾಡಿ, ಅವನೇ ಮೀಸೆ ತಿರುವಿದ್ದ. ಜುಲ್ಫಿಕಾರನ ಗದೆ ಮುರಿಯಿತು, ಮಾನಸಿಯ ಮಂತ್ರ ಮುಗಿಯಿತು. ಅಷ್ಟು ಮನೆಗಳ ದೀಪ ಆರಿಸುವವರು ಯಾರು ಎಂಬುದೇ ಮಾಸ್ತರನ ಧೈರ್ಯ.

ದ್ರಾಕ್ಷಾಯಿಣಿ ಆಯುಧ ಮುಟ್ಟಲೇ ಇಲ್ಲ. ಅವಳ ಕಳ್ಳಿ ಭಕ್ತೆಯ ವೇಷ ಹಾಕಿ ಕೋಟೆಯೂರಿನ ಓಣಿ ಓಣಿ ತಿರುಗಿದಳು. "ಸೊಡರಯ್ಯನ ಹೆಸರಲೆ ಹೊರಬೀಡು ಹಿಡೀರಿ. ಬರೂ ಮಂಗಳವಾರ ಎಲ್ಲಾರೂ ಹೊಲಕ್ಕ ಹೋಗಿ ಉಣ್ಣೋಣು. ಊರಿಗೆ ಛಲೋ ಆಗತೈತಿ." ಹೆಣ್ಣುಮಕ್ಕಳು ಮೊದಲು ಒಪ್ಪಿದರು, ಆಮೇಲೆ ಗಂಡಸರು, ಕೊನೆಗೆ ದಾಳ ಹದಿನೆಂಟು ಬಿದ್ದು ಗುಡಿಯ ಪೂಜಾರಿಯೂ ಒಪ್ಪಿದ. ಸಿದ್ಧಾರೂಢ ನಗುತ್ತಿದ್ದ. "ನೋಡ್ರಪಾ, ಕಳ್ಳಿಗೆ ಭಕ್ತಿ ಬಂತು!" ಹೆಬ್ಬಳ್ಳಿಯಲ್ಲಿ ಬೆಳೆದಿದ್ದರೆ ಅವನು ನಗುತ್ತಿರಲಿಲ್ಲ. ಹೊರಬೀಡು ಎಂದರೆ ಬರೀ ಹೊಲದ ಊಟವಲ್ಲ. ಅಂದು ಹೊತ್ತು ಹುಟ್ಟುವ ಮುಂಚೆ ದನಕರು ಸಮೇತ ಊರು ಖಾಲಿಯಾಗಬೇಕು. ಊರ ಅಗಸಿ ಬಾಗಿಲಿಗೆ ಮುಳ್ಳು ಬಡಿಯಬೇಕು. ಊರೊಳಗೆ ಒಲೆ ಹೊತ್ತಿಸಬಾರದು, ದೀಪ ಹಚ್ಚಬಾರದು. ಗುಡಿಯಲ್ಲೂ.

ಆ ರವಿವಾರ ಆಟದಲ್ಲಿ ಮಂಗಳವಾರ ಬಂತು. ದ್ರಾಕ್ಷಾಯಿಣಿ ಗಿರಮಿಟ್ಟಿನ ತಟ್ಟೆ ಕೆಳಗಿಟ್ಟು ಹೊರಬೀಡಿನ ನಿಯಮವನ್ನೆಲ್ಲ ಒಂದೊಂದಾಗಿ ಹೇಳಿದಳು. "ಊರಾಗ ಈಗ ಎಷ್ಟ ದೀಪ ಉರಿಯಾಕತ್ತಾವು, ಮಾಸ್ತರ?"

ಸಿದ್ಧಾರೂಢ ಲೆಕ್ಕ ಹಾಕುವವನಂತೆ ಸೂರು ನೋಡಿದ. "ಒಂದೂ ಇಲ್ಲ."

"ಹಂಗಾರ ನಾವು ಬೇವಿನ ಗಿಡದ ಬುಡಕ್ಕ ಕುಂತು ರೊಟ್ಟಿ, ಪುಂಡಿಪಲ್ಯ ಉಣ್ಣಾಕತ್ತೇವಿ. ನಿನ್ನ ದೇವರು ಏನ ಮಾಡಾಕತ್ತಾನ?"

"ಹಂಗ ಆಗಂಗಿಲ್ಲ, ಸೊಡರಯ್ಯ ಹೂ..."

"ಹೂ ಕೇಳಾಕ ಊರಾಗ ಯಾರದಾರ?"

"ನಿಯಮ ನಿಯಮನ ಮಾಸ್ತರ," ಎಂದ ಜುಲ್ಫಿಕಾರ. "ಸತ್ತ ಅನ್ನು."

ಸಿದ್ಧಾರೂಢ ಬೆವರು ಒರೆಸಿಕೊಂಡ. ಮಾಸ್ತರನಲ್ಲವೇ, ಸಾಯುವ ದೇವರ ದನಿಯನ್ನೂ ಅವನೇ ತೆಗೆಯಬೇಕು. ಕೊರಗುವ ದನಿಯಲ್ಲಿ, "ನಾ ನಿನಗ ಏನ ಮಾಡಿದ್ದೆ?" ಎಂದ.

"ನೀ ಏನೂ ಮಾಡಿಲ್ಲಪಾ. ನಿನ್ನ ಹೆಸರಲೆ ಇನ್ನೊಬ್ಬ ಮಾಡಿದ." ಅವಳು ಆಟದ ದನಿ ಬಿಟ್ಟಳು. "ಸಿದ್ದು, ಆ ಶಿವರಾತ್ರಿಗೆ ಪೂಜಾರಿ ಮನ್ಯಾಗ ಸೂತಕ ಇತ್ತು. ಗುಡಿ ಬಾಗಲಾ ತೆಗದಿದ್ದಿಲ್ಲ. ನಿನಗ ಯಾವ ಹೂ ಎಡಕ್ಕ ಬಿತ್ತು?"

ಅವನು ಮಾನಸಿಯ ಮುಖ ನೋಡಿದ, ಜುಲ್ಫಿಕಾರನ ಮುಖ ನೋಡಿದ. ಇಬ್ಬರೂ ಅವನನ್ನೇ ನೋಡುತ್ತಿದ್ದರು. "ಅವ್ವಗ ಬ್ಯಾಡ ಅನ್ನಾಕ ಧೈರ್ಯ ಬರಲಿಲ್ಲ," ಎಂದ ಕಡೆಗೆ. "ನಿನಗೂ ಅನ್ನಾಕ ಬರಲಿಲ್ಲ. ದೇವರ ಮ್ಯಾಲೆ ಹಾಕಿದ್ರ ಯಾರೂ ಕೇಳಂಗಿಲ್ಲ ಅಂತ... ತಪ್ಪಾತು ದ್ರಾಕ್ಷಿ."

ಅವಳಿಗೆ ಹಿತವಾಯಿತು. ಹಸಿದವರಿಗೆ ಬಿಸಿ ರೊಟ್ಟಿ ಸಿಕ್ಕಂತೆ ಹಿತವಾಯಿತು. ಆದರೆ ಅಷ್ಟಕ್ಕೇ ಹೊಟ್ಟೆ ತುಂಬಲಿಲ್ಲ. ಹೆಬ್ಬಳ್ಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಅವನ ಮುಂದೆ ಇಟ್ಟಳು. "ನಿಮ್ಮ ಮಾಮಾಗ ಹೇಳು."

ಸಿದ್ಧಾರೂಢ ತೊದಲುತ್ತಾ ಹೇಳಿದ. ಕೊನೆಗೆ "ಕ್ಷಮಾ ಮಾಡ್ರಿ ಮಾಮಾ" ಎಂದ. ಆ ಕಡೆಯಿಂದ ಮೈಲಾರಪ್ಪನ ದನಿ ಬಂತು.

"ನನ್ನ ಮಗಳು ಅದಾಳೇನ ಅಲ್ಲಿ?"

"ಇಲ್ಲೇ ಅದೇನಿ, ಅಪ್ಪಾ."

"ನಾನೂ ನಂಬಿಬಿಟ್ಟೆನಲ್ಲವಾ. ನಿನ್ನ ಬಿಟ್ಟು ಇವನ್ನ ನಂಬಿದೆ."

ಇರಲಿ ಬಿಡಪ್ಪಾ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಮಾನಸಿ ಕೂಡ ಕಣ್ಣಲ್ಲೇ, ಅನ್ನು, ಪಾಪ ಮುದುಕ, ಅನ್ನು ಎಂದಳು. ದ್ರಾಕ್ಷಾಯಿಣಿ ಅನ್ನಲಿಲ್ಲ.

"ಹೌದು, ಅಪ್ಪಾ," ಎಂದಳು. "ನೀನೂ ನಂಬಿದಿ."