ಮಿಡಿಯುವ ಹೃದಯ ಕಂಡ ಚಿತ್ರಕಾರರು

ತೊಂಬತ್ತರ ದಶಕದ ಕೊನೆಗೆ ನಾನು ಹುಬ್ಬಳ್ಳಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಚಿತ್ರ ಬರೆಯುವ ಕೆಲಸಕ್ಕೆ ಸೇರಿದೆ. ಪಾಠಕ್ಕೆ ಬೇಕಾದ ಎಲುಬು, ನರ, ಕರುಳುಗಳ ದೊಡ್ಡ ಪಟಗಳನ್ನು ಬರೆಯುತ್ತಿದ್ದವರು ನಾವಿಬ್ಬರೇ: ನಾನು, ಮತ್ತು ಇಪ್ಪತ್ತೆಂಟು ವರ್ಷ ಅದೇ ಕೋಣೆಯಲ್ಲಿ ಕುಳಿತು ಬರೆದಿದ್ದ ಹಿರಿಯರೊಬ್ಬರು. ಅವರು ದಿನಾ ಮುಗದ ಎಂಬ ಹಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಅವರು ಬರೆದ ಹೃದಯದ ಪಟ ನೋಡಿ ಓದಿದವರು ಎಷ್ಟೋ ಜನ ಡಾಕ್ಟರಾಗಿದ್ದರು.

ಒಂದು ದಿನ ಪ್ರಾಧ್ಯಾಪಕರೊಬ್ಬರು ಹೊಸ ಸಿ.ಡಿ. ತಂದು ಹಾಕಿದರು. ಕಂಪ್ಯೂಟರಿನಲ್ಲೇ ತಯಾರಾದ ಹೃದಯ ಪರದೆಯ ಮೇಲೆ ಮಿಡಿಯತೊಡಗಿತು. ಅದರ ಗೋಡೆ ಸರಿದು ಒಳಗಿನ ಕವಾಟ ಕಂಡಿತು. ಹಿರಿಯರಿಗೆ ಬೇಜಾರಾಗುತ್ತದೆಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, “ಇನ್ನೊಮ್ಮೆ ಹಾಕ್ರಿ ಸರ್” ಎಂದರು. ಪ್ರಾಧ್ಯಾಪಕರು ಕ್ಲಾಸಿಗೆ ಹೋದ ಮೇಲೂ ನನ್ನಿಂದ ಮತ್ತೆ ಮತ್ತೆ ಹಾಕಿಸಿದರು.

“ಇಲ್ನೋಡವಾ,” ಎಂದು ಕವಾಟಕ್ಕೆ ಅಂಟಿದ ಸಣ್ಣ ದಾರಗಳನ್ನು ತೋರಿಸಿದರು. “ಬಾಗಲಾ ತೆರದಾಗ ಈ ದಾರ ಸಡ್ಲ ಆಗತಾವ, ಮುಚ್ಚಿದಾಗ ಬಿಗೀತಾವ. ನಾ ತೆರದ ಬಾಗಲಕ್ಕ ಬಿಗಿ ದಾರ ಬರದೇನಿ.”

“ಪುಸ್ತಕದಾಗ ಹಂಗ ಇತ್ತೇನ್ರಿ?”

“ಪುಸ್ತಕದ ತಪ್ಪಲ್ಲ. ಜಾಡಿಯೊಳಗಿನ ಹೃದಯ ಮುಂದಿಟ್ಕೊಂಡು ಬರದೆ. ಅದು ಬಡಿಯೂದ ಬಿಟ್ಟು ಎಷ್ಟು ವರ್ಷ ಆಗಿತ್ತೋ! ಇದನ್ನ ಯಾರ್ ಮಾಡ್ಯಾರೋ, ಖರೇನ ಭಾಳ ಛಲೋ ಮಾಡ್ಯಾರ.” ಪರದೆಗೆ ಇನ್ನಷ್ಟು ಬಾಗಿ, “ರಕ್ತ ಮಾತ್ರ ಕುಂಕುಮದ ನೀರಿನಂಗ ಐತಿ” ಎಂದು ನಕ್ಕರು.

ಮರುದಿನವೇ ತಮ್ಮ ಪಟವನ್ನು ಗೋಡೆಯಿಂದ ಇಳಿಸಿ ದಾರಗಳನ್ನು ತಿದ್ದಲು ಕುಳಿತರು. ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ, ಬಿಡಿ ಎಂದು ಪ್ರಾಧ್ಯಾಪಕರು ಹೇಳಿದರೆ, “ಈಗ ನನಗ ಗೊತ್ತಾತಲ್ರಿ” ಎಂದರು.

ಗೋಕುಲ ರಸ್ತೆಯ ಕಂಪ್ಯೂಟರ್ ಕ್ಲಾಸಿಗೆ ನನ್ನನ್ನು ಹಚ್ಚಿದವರೂ ಅವರೇ. ಅಲ್ಲಿ ಕಲಿತು ಕಂಪ್ಯೂಟರಿನಲ್ಲಿ ನಾನು ಮೊದಲು ಮಾಡಿದ್ದು ಮಡಚುವ ಮೊಣಕೈ. ಹಿರಿಯರು ಅಂಗಿಯ ತೋಳು ಮೇಲೇರಿಸಿ, ತಮ್ಮ ಕೈಯನ್ನೇ ಮಡಚಿ ಬಿಚ್ಚಿ, ಪರದೆಯ ಜೊತೆ ಹೋಲಿಸಿದರು.

“ಸ್ನಾಯು ಇನ್ನೊಂಚೂರು ಉಬ್ಬಲಿ.”

ಮೂರು ಸಲ ತಿದ್ದಿಸಿದರು. ಆಮೇಲೆ ಎದ್ದು ಹೋಗಿ ಪಕ್ಕದ ಕೋಣೆಯವರನ್ನೆಲ್ಲ ಕರೆತಂದರು.