ಚಾಕು ಹಿಡಿಯುವ ಮೊದಲು

ರಜನಿ ಮೇಡಂ ಪಾಠ ಮಾಡಿದರೆ ಪಕ್ಕದ ಕಟ್ಟಡಕ್ಕೂ ಕೇಳಬೇಕು, ಹಾವೇರಿಯ ಗಂಟಲು. ಗಂಡ ದಾಮೋದರರನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದಾಗ ಜೊತೆಗೆ ಬಂದವರು, ಊರಾಚೆಯ ಖಾಸಗಿ ಪಶುವೈದ್ಯ ಕಾಲೇಜು ಸೇರಿದರು. ಸತ್ತ ದನ ಎಮ್ಮೆಗಳನ್ನು ಕೊಯ್ದು ಸಾವಿನ ಕಾರಣ ಹುಡುಕುವುದನ್ನು ಕಲಿಸುವುದು ಅವರ ಕೆಲಸ.

ಅವರದೊಂದು ಅಭ್ಯಾಸವಿತ್ತು. ವಿದ್ಯಾರ್ಥಿಗಳು ಬರುವ ಮೊದಲೇ ಒಬ್ಬರೇ ಹೋಗಿ ಪ್ರಾಣಿಯ ಮೂಗು, ಬಾಯಿ ನೋಡುತ್ತಿದ್ದರು. ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅಂಥ್ರಾಕ್ಸ್ ಎಂಬ ಮಾರಕ ಸೋಂಕು ಇದ್ದೀತು. ಅಂಥ ಹೆಣಕ್ಕೆ ಚಾಕು ತಾಗಿಸಲೇಬಾರದು. ತಾಗಿಸಿದರೆ ಕೊಯ್ದವರ ಜೀವಕ್ಕೇ ಸಂಚಕಾರ. ತರಗತಿಯಲ್ಲಿ ಇದನ್ನು ಹೇಳುತ್ತಿದ್ದರು, ನಿಜ. ಆದರೆ ಕಿವಿ ಕೇಳಿದ್ದನ್ನು ಪರೀಕ್ಷೆಗೆ ಬರೆಯುತ್ತೇವೆ, ಕಣ್ಣು ಕಂಡದ್ದನ್ನೇ ಕೈ ಮಾಡುತ್ತದೆ.

ಹೆಣ ಕೊಯ್ಯುವುದನ್ನು ಎದುರು ನಿಂತು ನೋಡಲಾಗದ ಮಕ್ಕಳು ಮನೆಯಲ್ಲಿ ಕೂತು ನಿಧಾನವಾಗಿ ಕಲಿಯಲಿ ಎಂದು ಮೇಡಂ ವಿಡಿಯೋ ಮಾಡಿಸಿದರು. ಎಂದಿನಂತೆ ಮೂಗು, ಬಾಯಿ ಮೊದಲೇ ನೋಡಿ ಮುಗಿಸಿ, ಕೈಗವಸು ತೊಟ್ಟು, "ಹಂ, ಶುರು ಮಾಡ್ರಿ" ಎಂದರು ಕ್ಯಾಮೆರಾದವರಿಗೆ. ಹಾಗಾಗಿ ವಿಡಿಯೋ ಚಾಕುವಿನಿಂದಲೇ ಶುರುವಾಯಿತು. ಅಹಮದಾಬಾದಿನ ಪಶುವೈದ್ಯರಿಂದಲೂ ಹೊಗಳಿಕೆ ಬಂತು. ಮೇಡಂ ಹಿಗ್ಗಿ ಹೀರೇಕಾಯಿಯಾದರು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಒಂದು ಬೆಳಿಗ್ಗೆ ವಿದ್ಯಾರ್ಥಿನಿ ಮಹಿಮಾಳ ವಿಡಿಯೋ ಕಾಲ್ ಬಂತು. ಸೂರತ್‌ನ ಕತಾರ್‌ಗಾಮ್‌ನಲ್ಲಿ ಬೆಳೆದ ಕನ್ನಡದವರ ಮಗಳು, ಈಗ ಸೂರತ್ ಕಡೆಯ ಹಳ್ಳಿಯೊಂದರ ಪಶುಚಿಕಿತ್ಸಾ ಕೇಂದ್ರದಲ್ಲಿ ತರಬೇತಿಗಿದ್ದಳು.

"ಮೇಡಂ, ಬಫಲೋ ಸಡನ್ ಆಗಿ ಸತ್ತಿದೆ. ಡಾಕ್ಟರ್ ಸರ್ ಇಲ್ಲ. ನಿಮ್ಮ ವಿಡಿಯೋ ನೋಡಿ ನಾನೇ ಓಪನ್ ಮಾಡಿದೆ. ಸ್ಪ್ಲೀನ್ ನೋಡಿ, ಎಷ್ಟು ದೊಡ್ಡದು!"

ಕಪ್ಪಗೆ ಊದಿದ ಗುಲ್ಮವನ್ನು ಅವಳು ಕೈಗವಸು ತೊಟ್ಟ ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು. ಅಂಥ್ರಾಕ್ಸ್‌ನಲ್ಲಿ ಗುಲ್ಮ ಹೀಗೇ ಊದುತ್ತದೆ ಎಂದು ಮೇಡಂಗೆ ಗೊತ್ತಿತ್ತು.

"ಕೆಳಗ ಇಡು. ಮೂಗು ತೋರ್ಸು ನನಗ, ಮೂಗು!"

ಫೋನು ಹಿಡಿದು ನಿಂತಿದ್ದವರು ಅದನ್ನು ತಿರುಗಿಸಿದರು. ಎಮ್ಮೆಯ ಮೂಗಿನಿಂದ ಟಾರಿನಂಥ ರಕ್ತ ಇಳಿದು ಮಣ್ಣಿಗೆ ಸೇರುತ್ತಿತ್ತು. ಸುತ್ತ ಎಮ್ಮೆ ಸಾಕಿದ ಮನೆಯವರೆಲ್ಲ ಬಗ್ಗಿ ನೋಡುತ್ತಿದ್ದರು.

"ಎಲ್ಲಾರನೂ ದೂರ ಕಳಸು. ನೀ ಯಾರನ್ನೂ ಮುಟ್ಟಬ್ಯಾಡ, ಅಲ್ಲೇ ನಿಂದ್ರು. ನಾ ಆಸ್ಪತ್ರೆಗೆ ಹೇಳತೀನಿ."

"ನಾನು ಏನು ತಪ್ಪು ಮಾಡಿದೆ ಮೇಡಂ? ವಿಡಿಯೋದಲ್ಲಿ ಇದ್ದ ಹಾಗೇ ಮಾಡಿದೆ."

"ತಪ್ಪು ನಿಂದಲ್ಲವ್ವಾ, ನಂದು" ಎಂದರು ಮೇಡಂ. ಆಮೇಲೆ ಕೇಳಲೇಬೇಕಾದದ್ದನ್ನು ಕೇಳಿದರು: "ಕೈಗವಸು ಎಲ್ಲೂ ಹರದಿಲ್ಲ ಹೌದಲ್ಲೋ?"

ಮಹಿಮಾ ತನ್ನ ಎಡಗೈ ಹೆಬ್ಬೆರಳನ್ನೇ ನೋಡಿದಳು. ಅಲ್ಲಿ ಕೈಗವಸು ಸೀಳಿತ್ತು.