ನೀರು ಕುಡಿಯದ ಡ್ಯೂಟಿ

ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ನೀರು ಕುಡಿಯುವುದನ್ನು ಬಿಟ್ಟೆ.

ಶಿಗ್ಗಾಂವಿಯ ಮನೆಯಿಂದ ನಸುಕಿನಲ್ಲಿ ಹೊರಟರೆ, ಸವಣೂರು, ಹಾನಗಲ್ಲ ಮುಗಿಸಿ ಹಿರೇಕೆರೂರು ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಬಸ್ಸು ತಿರುಗುತ್ತಿತ್ತು. ಅಲ್ಲಿ ಇಪ್ಪತ್ತು ನಿಮಿಷ ಬಿಡುವು. ಡ್ರೈವರಣ್ಣ ಜಾಲಿ ಗಿಡದ ಮರೆಗೆ ಹೋಗಿ ಬರುತ್ತಿದ್ದ. ನಾನು ಸೀಟು ಬಿಟ್ಟು ಏಳುತ್ತಿರಲಿಲ್ಲ. ಹೆಂಗಸು ಹೋಗುವಂಥ ಜಾಗ ಅಲ್ಲಿರಲಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಶೌಚಾಲಯವಿತ್ತು, ಸಮಯವಿರಲಿಲ್ಲ. ನಿಲ್ದಾಣದ ಕಚೇರಿಯಲ್ಲಿ ಬಸ್ಸು ಬಂದ ವೇಳೆಗೆ ಸಹಿ ಹಾಕಿಸಿಕೊಂಡು ಬರುವಷ್ಟರಲ್ಲಿ ಜನ ಬಾಗಿಲಿನವರೆಗೆ ತುಂಬಿ, ಯಾಕೆ ತಡ ಎಂದು ಜಗಳಕ್ಕೆ ನಿಂತಿರುತ್ತಿದ್ದರು.

ಮೂರು ವರ್ಷ ಹೀಗೇ ನಡೆಯಿತು. ಮನೆ ಸೇರುವಾಗ ತಲೆ ಸಿಡಿಯುತ್ತಿತ್ತು. ಮಗಳು ಪುಸ್ತಕ ಹಿಡಿದು ಹತ್ತಿರ ಬಂದರೆ ಬೈದು ಕಳಿಸುತ್ತಿದ್ದೆ. ಸೋಮವಾರ ಸಂಜೆ ಓಣಿಯ ಹೆಂಗಸರ ಜತೆ ಮಠದಲ್ಲಿ ಭಜನೆಗೆ ಕೂಡುವುದು ನನಗೆ ಜೀವ. ಸೊಂಟನೋವಿಗೆ ಅದೂ ನಿಂತಿತು. ಕೊನೆಗೆ ಒಂದು ದಿನ ಬಂಕಾಪುರ ದಾಟುವಾಗ ಕಂಬಿ ಹಿಡಿದುಕೊಂಡೇ ಕುಸಿದೆ.

"ಕಿಡ್ನಿಯಾಗ ಸ್ಟೋನ್ ಆಗೇತ್ರಿ. ನೀರು ಕುಡಿಯೂದಿಲ್ಲೇನು?" ಎಂದರು ಡಾಕ್ಟರಮ್ಮ.

"ಕುಡದ ಮ್ಯಾಲ ಎಲ್ಲಿ ಹೋಗ್ಲಿರಿ?"

ದಾರಿಯಲ್ಲಿ ಶೌಚಕ್ಕೆ ವ್ಯವಸ್ಥೆ ಬೇಕೆಂದು ಅವರು ಡಿಪೋಗೆ ಕೊಡಲು ಒಂದು ಚೀಟಿ ಬರೆದರು. ಡಿಪೋ ಸಾಹೇಬರು ಅದನ್ನು ಓದಿ ಫೈಲಿಗೆ ಸೇರಿಸಿದರು. "ಇಷ್ಟು ದಿನ ಯಾರೂ ಹಿಂಗ ಕಂಪ್ಲೇಂಟ್ ಮಾಡಿಲ್ಲಲ್ರಿ," ಎಂದರು. ಯಾರು ಮಾಡಬೇಕಿತ್ತು? ನಮ್ಮ ಡಿಪೋದಲ್ಲಿ ಕಂಡಕ್ಟರ್ ಹೆಂಗಸರು ನಾವು ನಾಲ್ಕೇ ಜನ. ಇಂಥ ಮಾತನ್ನು ಗಂಡಸರ ಟೇಬಲ್ಲಿನ ಮುಂದೆ ನಿಂತು ಹೇಳುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ.

ಮರುತಿಂಗಳು ಡಿಪೋದಲ್ಲೇ ಒಂದು ಆರೋಗ್ಯ ಕಾರ್ಯಕ್ರಮ ನಡೆಯಿತು. ಹೊರಗಿನಿಂದ ಬಂದ ಭಾಷಣಕಾರರೊಬ್ಬರು ಕೆಲಸ, ಕುಟುಂಬ, ಸಮಾಜ ಮೂರನ್ನೂ ತೂಗಿಸಿಕೊಂಡು ಹೋಗಬೇಕೆಂದರು, ನಗಬೇಕೆಂದರು. ಹೇರಳವಾಗಿ ನೀರು ಕುಡಿಯಿರೆಂದೂ ಹೇಳಿದರು. ಕಡೆಗೆ ಎಲ್ಲರಿಗೂ ಒಂದೊಂದು ಸ್ಟೀಲ್ ಬಾಟಲಿ ಹಂಚಿದರು. ಅದು ಕೈಗೆ ಬಂದ ಕೂಡಲೇ ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ಸರ, ಇದರಾಗಿನ ನೀರು ಕುಡದು ಗಾಡಿ ಹತ್ತಿದ್ರ, ಮುಂದ ನಾವು ಹೆಣ್ಮಕ್ಕಳು ಎಲ್ಲಿಗೆ ಹೋಗಬೇಕ್ರಿ?"

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ನಮ್ಮ ಡ್ರೈವರಣ್ಣ ಮಾತ್ರ ಅತ್ತ ತಿರುಗಿ, "ನಗೂ ಮಾತಲ್ಲೋ ಇದು. ನಾವು ಗಿಡದ ಮರಿಗೆ ಹೋಗಿ ಬರ್ತೇವಿ. ಅಕ್ಕಾರಿಗೆ ಹಂಗ ಹೋಗಾಕ ಆಕ್ಕೈತೇನು?" ಎಂದ. ನಗು ನಿಂತಿತು. ಪರಿಶೀಲಿಸುತ್ತೇವೆಂದು ಸಾಹೇಬರು ಹೇಳಿದರು. ಅದರಾಚೆ ಏನೂ ಆಗಲಿಲ್ಲ.

ಒಂದು ವಾರ ಕಾದೆ. ಆಮೇಲೆ ನಾಚಿಕೆ ಬದಿಗಿಟ್ಟು, ಬಸ್ಸು ತಿರುಗುವ ಜಾಗದ ಎದುರು ಮನೆಯ ಮುಂದೆ ಹೋಗಿ ನಿಂತೆ. ಕಟ್ಟೆಯ ಮೇಲೆ ಒಬ್ಬ ಹಿರಿಯಾಕೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ತಡವರಿಸುತ್ತ ವಿಷಯ ಹೇಳಿದೆ.

"ಇದಕ್ಕೇನ ಕೇಳೂದೈತಿ? ಹಿತ್ತಲದಾಗ ಐತಿ, ಹೋಗ್ ಬರ್ರಿ," ಎಂದರು. ಹೊರಗೆ ಬಂದಾಗ ಕುಡಿಯಲು ತಂಬಿಗೆ ತುಂಬ ನೀರು ತಂದಿಟ್ಟಿದ್ದರು. "ಮೂರು ವರ್ಷದಿಂದ ನೋಡಾಕತ್ತೇನಿ, ಒಂದಿನಾನೂ ಗಾಡಿಯಿಂದ ಇಳದವ್ರಲ್ಲ. ಭಾಳ ಸೊಕ್ಕಿನಾಕಿ ಅಂತ ತಿಳದಿದ್ದೆ," ಎಂದರು. ನಾನು ತಂಬಿಗೆ ಎತ್ತಿ ಗಟಗಟ ಕುಡಿದೆ.

ಈಗ ದಿನಾ ಹೋಗುತ್ತೇನೆ, ಹೊಟ್ಟೆ ತುಂಬ ನೀರು ಕುಡಿಯುತ್ತೇನೆ. ಕಿಡ್ನಿಯ ಹರಳು ಬಿದ್ದು ಹೋಯಿತು. ಸಂಜೆ ಮಗಳ ಪಕ್ಕ ಕೂಡುವ ತಾಳ್ಮೆ ಬಂದಿದೆ, ಭಜನೆಗೂ ಮತ್ತೆ ಹೋಗುತ್ತೇನೆ. ನೋಡಿದವರು ಚೆನ್ನಾಗಿ ತೂಗಿಸಿಕೊಂಡು ಹೋಗುತ್ತೀಯ ಎಂದು ಹೊಗಳುತ್ತಾರೆ. ಆಗ ಸಿಟ್ಟು ನೆತ್ತಿಗೇರುತ್ತದೆ. ಪರಿಚಯವಿಲ್ಲದ ಹೆಂಗಸೊಬ್ಬರು ತಮ್ಮ ಹಿತ್ತಲಿನ ಬಾಗಿಲು ತೆರೆಯದಿದ್ದರೆ ನಾನು ಯಾವುದನ್ನು ತೂಗಿಸುತ್ತಿದ್ದೆ? ಬೇರೆ ರೂಟಿನಲ್ಲಿರುವ ಉಳಿದ ಮೂವರು ಕಂಡಕ್ಟರ್ ಹೆಂಗಸರು ಇಂದಿಗೂ ಬೆಳಿಗ್ಗೆ ಬಾಯಿ ಒಣಗಿಸಿಕೊಂಡೇ ಗಾಡಿ ಹತ್ತುತ್ತಾರೆ. ಮೊನ್ನೆ ನಾಲ್ವರೂ ಸಹಿ ಹಾಕಿ, ಶೌಚಾಲಯ ಬೇಕೆಂದು ಡಿಪೋಗೆ ಒಂದು ಅರ್ಜಿ ಕೊಟ್ಟೆವು. ಅರ್ಜಿ ಮುಟ್ಟಿದ್ದಕ್ಕೆ ಸೀಲು ಹೊಡೆಸಿಕೊಳ್ಳುವವರೆಗೆ ಸಾಹೇಬರ ಟೇಬಲ್ಲು ಬಿಟ್ಟು ನಾನು ಕದಲಲಿಲ್ಲ.